ನಾಯಿ ಇರುವ ಮನೆಯಲ್ಲಿ ಯಾವ ಗಿಡ ಇರಲಿ, ಯಾವುದು ಬೇಡ? ಕಲಬುರಗಿ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ. ಹೊರಗೆ ಕಾಲಿಡಲಾಗದ ಬಿಸಿಲು. ನಮ್ಮ ಮೋತಿ ಪಡಸಾಲೆಯ ಮೂಲೆಯಲ್ಲಿ, ತಂಪಾದ ಶಹಾಬಾದ್ ಫರ್ಶಿಯ ಮೇಲೆ ಮಲಗಿತ್ತು. ಬಿಸಿಲಿಗೆ ಸುಟ್ಟು ಹೋಗಬಾರದು ಅಂತ ಕುಂಡಗಳನ್ನೂ ಅದೇ ಮೂಲೆಗೆ ತಂದಿಟ್ಟಿದ್ದೆವು. ಸ್ವಲ್ಪ ಹೊತ್ತಿಗೆ ಅವ್ವ ಚೀರಿದಳು: "ಲಗೂನ ಬಾ, ಮೋತಿ ಬಾಯಾಗ ನೊರಿ ಬರ್ಲಾಕತ್ತದ!"

ಓಡಿ ಬಂದು ನೋಡಿದರೆ ಮೋತಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿದೆ. ಜೊಲ್ಲು ಹಗ್ಗದ ಹಾಗೆ ನೆಲಕ್ಕೆ ಇಳಿಯುತ್ತಿದೆ. ಹಾವು ಕಚ್ಚಿತಾ, ಬಿಸಿಲು ಬಡಿಯಿತಾ, ಏನೂ ತಿಳಿಯಲಿಲ್ಲ. ಪಕ್ಕದ ಮನೆಯವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅಂದರು. ನಾವು ಕುಡಿಸಿಯೂಬಿಟ್ಟೆವು. ಆಮೇಲೆ ಕುಂಡದ ಕಡೆ ನೋಡಿದರೆ, ಹಸಿರಿನ ಮೇಲೆ ಬಿಳಿ ಮಚ್ಚೆ ಇರುವ ಅಗಲ ಎಲೆಯೊಂದು ಅರ್ಧ ಹರಿದು ನೇತಾಡುತ್ತಿತ್ತು. ಡೈಫೆನ್‌ಬಾಕಿಯಾ. ತಳ್ಳುಗಾಡಿಯಲ್ಲಿ ಗಿಡ ಮಾರುವವರಿಂದ ಎರಡು ವಾರದ ಹಿಂದೆ ಕೊಂಡಿದ್ದೆ.

ಡಾಕ್ಟರು ಬಾಯಿ ತೊಳೆದರು, ಇಂಜೆಕ್ಷನ್ ಕೊಟ್ಟರು. ರಾತ್ರಿ ಹೊತ್ತಿಗೆ ಮೋತಿ ಹಾಲನ್ನ ತಿಂದಿತು. ಆದರೆ ಡಾಕ್ಟರು ಹೇಳಿದ ಎರಡು ಮಾತು ನನ್ನ ತಲೆಯಲ್ಲಿ ಉಳಿಯಿತು. ಒಂದು, "ಎಲಿ ತಿಂದಿದ್ದಕ್ಕಿಂತ ನೀವು ಉಪ್ಪು ಕುಡಿಸಿದ್ದು ಜಾಸ್ತಿ ಅಪಾಯ ಇತ್ರಿ." ಎರಡು, "ಇದು ಬಾಯಿ ಸುಡೋ ಗಿಡ ಅಷ್ಟೇ. ಜೀವ ತೆಗಿಯೋ ಗಿಡ ನಿಮ್ಮ ಅಂಗಳದಾಗ ಅದ, ಬರೋವಾಗ ನೋಡೀನಿ." ಅವರು ಹೇಳಿದ್ದು ಗೇಟಿನ ಪಕ್ಕದ ಕಣಗಿಲೆ ಗಿಡದ ಬಗ್ಗೆ. ಅವ್ವ ದಿನಾ ಪೂಜೆಗೆ ಹೂ ಬಿಡಿಸುತ್ತಿದ್ದ ಗಿಡ ಅದು.

ಅಂದಿನಿಂದ ನಾನು ಮನೆಯ ಒಂದೊಂದು ಗಿಡವನ್ನೂ ಕುಳಿತು ಗುರುತಿಸಿದೆ. ಆ ಕೆಲಸ ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಭಾನುವಾರ ಬೆಳಿಗ್ಗೆ ಸಾಕಾಗುತ್ತದೆ.

ಹಂತ 1: ನಾಯಿಯ ಎತ್ತರದಿಂದ ಮನೆ ನೋಡಿ

ನಿಂತು ನೋಡಿದರೆ ಎಲ್ಲ ಕಾಣುವುದಿಲ್ಲ. ನೆಲದ ಮೇಲೆ ಕುಳಿತುಕೊಳ್ಳಿ. ನಾಯಿ ಮಲಗುವ ಜಾಗದಿಂದ ಶುರು ಮಾಡಿ, ಅದರ ಮೂತಿ ಎಲ್ಲೆಲ್ಲಿಗೆ ಮುಟ್ಟುತ್ತದೆ ನೋಡಿ. ಕಿಟಕಿ ಕಟ್ಟೆಯ ಮೇಲಿಟ್ಟ ಮನಿ ಪ್ಲಾಂಟಿನ ಬಳ್ಳಿ ಸೋಫಾ ಹಿಂದೆ ನೆಲಕ್ಕೆ ಇಳಿದಿರುತ್ತದೆ. ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ನಾಯಿಗೆ ಮೊದಲು ಸಿಗುತ್ತದೆ.

ನಮ್ಮ ಕಡೆ ಒಂದು ವಿಶೇಷ ಇದೆ. ಮಾರ್ಚ್‌ನಿಂದ ಜೂನ್ ಮೊದಲ ಮಳೆವರೆಗೆ ಗಿಡಕ್ಕೂ ನಾಯಿಗೂ ಬೇಕಾಗುವುದು ಒಂದೇ ಜಾಗ: ಮೆಟ್ಟಿಲ ಕೆಳಗಿನ ನೆರಳು, ನೀರು ಚೆಲ್ಲಿ ತಂಪಾದ ಮೂಲೆ, ಕೂಲರ್ ಗಾಳಿ ಬರುವ ಪಡಸಾಲೆ. 42–43 ಡಿಗ್ರಿ ಬಿಸಿಲಿನಲ್ಲಿ ನಾಯಿಯನ್ನು ಹೊರಗೆ ಬಿಡಲಾಗುವುದಿಲ್ಲ. ಒಳಗೇ ಇದ್ದು ಬೇಜಾರಾಗಿ ಸಿಕ್ಕಿದ್ದನ್ನು ಕಡಿಯುತ್ತದೆ. ಹಾಗಾಗಿ ಈ ಪರೀಕ್ಷೆಯನ್ನು ಬೇಸಿಗೆಗೆ ಮುಂಚೆಯೇ ಮಾಡಿ.

ಒಳಗಿನದು ಮುಗಿದ ಮೇಲೆ ಅಂಗಳ, ಮಾಳಿಗೆ, ಗೇಟಿನ ಹೊರಗಿನ ಎರಡು ಹೆಜ್ಜೆ ಜಾಗ, ದೇವರ ಜಗುಲಿ, ಎಲ್ಲ ನೋಡಿ. ಪ್ರತಿ ಗಿಡದ ಎರಡು ಫೋಟೋ ತೆಗೆಯಿರಿ. ಒಂದು ಪೂರ್ತಿ ಗಿಡ, ಒಂದು ಎಲೆಯ ಹತ್ತಿರದ ಚಿತ್ರ. ಮೊಬೈಲಿನಲ್ಲಿ ಇವಕ್ಕೇ ಬೇರೆ ಆಲ್ಬಂ ಮಾಡಿಡಿ. ಮುಂದೆ ಡಾಕ್ಟರಿಗೆ ತೋರಿಸಲು ಇದೇ ಬೇಕಾಗುತ್ತದೆ.

ಹಂತ 2: ಗಿಡದ ನಿಜವಾದ ಗುರುತು ಹಿಡಿಯಿರಿ, ಹೆಸರು ನಂಬಬೇಡಿ

ಇದೇ ಎಲ್ಲಕ್ಕಿಂತ ಮುಖ್ಯ ಹಂತ. ಹೆಚ್ಚಿನ ತಪ್ಪು ಆಗುವುದು ಇಲ್ಲೇ. ನರ್ಸರಿಯವರು ಹೇಳುವ ಹೆಸರು ಒಂದಿರುತ್ತದೆ, ಗಿಡ ಬೇರೆಯೇ ಇರುತ್ತದೆ. ಅವರದ್ದೂ ತಪ್ಪಲ್ಲ. ಅವರಿಗೆ ಬಂದ ಹೆಸರನ್ನೇ ಅವರೂ ಹೇಳುತ್ತಾರೆ.

"ಪಾಮ್" ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ಅರೆಕಾ ಪಾಮ್ ನಾಯಿಗೆ ಏನೂ ಮಾಡುವುದಿಲ್ಲ. ಸೈಕಸ್ ಅನ್ನುವ ಗಿಡಕ್ಕೂ "ಸಾಗೋ ಪಾಮ್" ಅಂತಾರೆ, ಅದು ನಾಯಿಯನ್ನು ಕೊಲ್ಲುತ್ತದೆ. ಅದು ತಾಳೆ ಜಾತಿಯ ಗಿಡವೇ ಅಲ್ಲ. ಗುರುತಿಸುವುದು ಸುಲಭ. ಅರೆಕಾದಲ್ಲಿ ಮಣ್ಣಿನಿಂದಲೇ ಹತ್ತಾರು ತೆಳು ಕೋಲುಗಳು ಏಳುತ್ತವೆ, ಬುಡ ಹಳದಿ ಬಣ್ಣಕ್ಕಿರುತ್ತದೆ, ಗರಿ ಮೆತ್ತಗೆ ಬಾಗುತ್ತದೆ. ಸೈಕಸ್‌ನಲ್ಲಿ ಅನಾನಸ್ ಹಣ್ಣಿನಂತೆ ಒರಟಾದ ಒಂದೇ ದಪ್ಪ ಬುಡ. ಅದರ ತಲೆಯಿಂದ ಗರಿಗಳು ಸುತ್ತಲೂ ಹರಡಿರುತ್ತವೆ. ಗರಿಯ ತುದಿಗೆ ಬೆರಳಿಟ್ಟರೆ ಸೂಜಿಯಂತೆ ಚುಚ್ಚುತ್ತದೆ.

"ಜೇಡ್" ಅಂದರೂ ಎರಡು ಗಿಡ. ನಮ್ಮಲ್ಲಿ ಜಾಸ್ತಿ ಮಾರಾಟವಾಗುವುದು ಉಗುರಿನಷ್ಟು ಸಣ್ಣ ಎಲೆಯ, ಕೆಂಪು-ಕಂದು ತೆಳು ಕಡ್ಡಿಯ ಗಿಡ. ಇದು ಪೋರ್ಟುಲಕೇರಿಯಾ, ನಾಯಿಗೆ ಸುರಕ್ಷಿತ. ನಿಜವಾದ ಜೇಡ್‌ನ ಎಲೆ ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡದು, ದಪ್ಪ. ಕಾಂಡವೂ ತೋರ. ಅದು ಕ್ರಾಸುಲಾ. ಅದನ್ನು ತಿಂದರೆ ನಾಯಿ ವಾಂತಿ ಮಾಡುತ್ತದೆ, ಮಂಕಾಗುತ್ತದೆ, ಕೆಲವೊಮ್ಮೆ ನಡಿಗೆ ತೂರಾಡುತ್ತದೆ.

"ಲಕ್ಕಿ ಬ್ಯಾಂಬೂ" ಬಿದಿರಲ್ಲ, ಅದು ಡ್ರಸೀನಾ. ಸ್ನೇಕ್ ಪ್ಲಾಂಟ್ ಕೂಡ ಈಗ ಅದೇ ಗುಂಪಿಗೆ ಸೇರಿದೆ. "ಪೀಸ್ ಲಿಲ್ಲಿ" ಲಿಲ್ಲಿಯಲ್ಲ. ಇನ್ನು ಕಣಗಿಲೆಯಂತೂ ಮೂರು ಬಗೆ. ಕೆಂಪು, ಬಿಳಿ, ಗುಲಾಬಿ ಹೂ ಬಿಡುವುದು ಒಂದು. ಹಳದಿ ಗಂಟೆಯಂಥ ಹೂವಿನದು ಇನ್ನೊಂದು. ದೇವಕಣಗಿಲೆ ಅಂತ ಕರೆಯುವುದು ಬೇರೆಯೇ ಮರ. ಮೊದಲ ಎರಡು ಕಡು ವಿಷ. ಮೂರನೆಯದರ ಹಾಲು ಬಾಯಿ, ಹೊಟ್ಟೆ ಕೆಡಿಸುತ್ತದೆ.

ಗಿಡ ಗುರುತಿಸುವ ಆ್ಯಪ್ ಬಳಸಬಹುದು. ಆದರೆ ಅದೊಂದನ್ನೇ ನಂಬಬೇಡಿ. ಎರಡು ಮೂರು ಫೋಟೋ ಹಾಕಿ, ಬಂದ ಹೆಸರಿನ ಚಿತ್ರಗಳನ್ನು ನಿಮ್ಮ ಗಿಡದ ಪಕ್ಕ ಇಟ್ಟು ನೋಡಿ. ಎಲೆ ಮುರಿದಾಗ ಹಾಲು ಬಂದರೆ ಆ ಗಿಡವನ್ನು ಗುರುತು ಸಿಗುವವರೆಗೆ ಎತ್ತರದಲ್ಲೇ ಇಡಿ. ಕೈಗೆ ತಾಗಿದ ಹಾಲನ್ನು ಸೋಪು ಹಾಕಿ ತೊಳೆಯಿರಿ, ಕಣ್ಣಿಗೆ ಮುಟ್ಟಿಸಬೇಡಿ.

ಹಂತ 3: ಮೂರು ಗುಂಪು ಮಾಡಿ

"ವಿಷ", "ವಿಷವಲ್ಲ" ಅಂತ ಎರಡೇ ಪಟ್ಟಿ ಮಾಡಿದರೆ ಕೆಲಸಕ್ಕೆ ಬರುವುದಿಲ್ಲ. ಮನಿ ಪ್ಲಾಂಟೂ ವಿಷದ ಪಟ್ಟಿಗೆ, ಕಣಗಿಲೆಯೂ ಅದೇ ಪಟ್ಟಿಗೆ ಹೋಗುತ್ತದೆ. ಎರಡಕ್ಕೂ ಭೂಮಿ-ಆಕಾಶದ ಅಂತರ. ನಾನು ಮೂರು ಮಾಡಿಕೊಂಡೆ: ಬಾಯಿ ಸುಡುವವು, ಹೊಟ್ಟೆ ಕೆಡಿಸುವವು, ಜೀವ ತೆಗೆಯುವವು.

ಬಾಯಿ ಸುಡುವವು. ಮನೆಯೊಳಗಿನ ಹೆಚ್ಚಿನ ಕುಂಡಗಳು ಇದೇ ಗುಂಪಿನವು. ಮನಿ ಪ್ಲಾಂಟ್, ಡೈಫೆನ್‌ಬಾಕಿಯಾ, ಫಿಲೊಡೆಂಡ್ರಾನ್, ಮಾನ್‌ಸ್ಟೆರಾ, ಸಿಂಗೋನಿಯಂ, ಕಲೇಡಿಯಂ, ಆಂಥೂರಿಯಂ, ಪೀಸ್ ಲಿಲ್ಲಿ, ಝೀಝೀ ಪ್ಲಾಂಟ್, ಕೆಸುವಿನ ಜಾತಿಯ ಅಗಲ ಎಲೆಯ ಗಿಡಗಳು. ಸುವರ್ಣಗಡ್ಡೆ ಹೆಚ್ಚಿದಾಗ ಕೈ ತುರಿಸುತ್ತದೆ, ಅಲ್ವಾ? ಅದೇ ಕಾರಣ ಇಲ್ಲೂ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟ್‌ನ ಹರಳುಗಳು ಸೂಜಿ ಕಟ್ಟಿನಂತೆ ಜೋಡಿಸಿಕೊಂಡಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಹಲ್ಲು ಬಿದ್ದ ಕೂಡಲೇ ಸಿಡಿದು ನಾಲಿಗೆ, ವಸಡು, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಜೊಲ್ಲು, ಬಾಯಿ ಕೆರೆದುಕೊಳ್ಳುವುದು, ತುಟಿ ಊದುವುದು, ವಾಂತಿ ಎಲ್ಲ ತಕ್ಷಣವೇ ಶುರು. ನೋವಾಗುವುದರಿಂದ ನಾಯಿ ಒಂದೆರಡು ಸಲ ಕಡಿದು ಬಿಟ್ಟುಬಿಡುತ್ತದೆ. ಅದಕ್ಕೇ ಹೆಚ್ಚಿನ ನಾಯಿಗಳು ಗುಣವಾಗುತ್ತವೆ. ಆದರೆ ಗಂಟಲು ಊದಿ ಉಸಿರಿಗೆ ಕಷ್ಟವಾದರೆ ಅದು ತುರ್ತು. ಸಣ್ಣ ಮೂತಿಯ ಪಗ್ ಥರದ ನಾಯಿಗಳಲ್ಲಿ ಇನ್ನೂ ಹುಷಾರು.

ಹೊಟ್ಟೆ ಕೆಡಿಸುವವು. ಸ್ನೇಕ್ ಪ್ಲಾಂಟ್, ಲಕ್ಕಿ ಬ್ಯಾಂಬೂ, ಬೇರೆ ಡ್ರಸೀನಾಗಳು, ಸೇವಂತಿಗೆ, ದೊಡ್ಡಪತ್ರೆ. ವಾಂತಿ, ಭೇದಿ, ಊಟ ಬಿಡುವುದು ಇವುಗಳ ಲಕ್ಷಣ. ಲೋಳೆಸರದ ಬಗ್ಗೆ ಜನರಿಗೆ ಗೊಂದಲ ಇದೆ. ನಾವು ತಿನ್ನುವ, ಹಚ್ಚಿಕೊಳ್ಳುವ ತಿಳಿ ಲೋಳೆಯಿಂದ ಅಷ್ಟು ತೊಂದರೆ ಇಲ್ಲ. ಸಿಪ್ಪೆಯ ಕೆಳಗೆ ಬರುವ ಹಳದಿ ರಸವೇ ಭೇದಿ ಹಚ್ಚುವುದು. ನಾಯಿ ಕಡಿಯುವಾಗ ಸಿಪ್ಪೆ ಸಮೇತ ಕಡಿಯುತ್ತದೆ. ಹಾಗಾಗಿ ಅದನ್ನೂ ಎತ್ತರಕ್ಕೆ ಇಡಿ. ದೊಡ್ಡಪತ್ರೆಯೂ ಹಾಗೇ. ಮಕ್ಕಳ ಕೆಮ್ಮಿಗೆ ಕೊಡುವ ಎಲೆ, ನಾಯಿಗೇನಾಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಜಾಸ್ತಿ ತಿಂದರೆ ವಾಂತಿ-ಭೇದಿ ಆಗುತ್ತದೆ. ಇನ್ನು ಕುಂಡದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಊರಿದ್ದರೆ ಅದನ್ನು ಈ ಗುಂಪಿಗಿಂತ ಒಂದು ಮೆಟ್ಟಿಲು ಮೇಲೆ ಇಡಿ. ಅವು ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಪರಿಣಾಮ ಕಾಣಲು ಕೆಲವು ದಿನ ಹಿಡಿಯುತ್ತದೆ, ಬೇಯಿಸಿದರೂ ವಿಷ ಹೋಗುವುದಿಲ್ಲ.

ಜೀವ ತೆಗೆಯುವವು. ಇಲ್ಲಿ ನಿಧಾನವಾಗಿ ಓದಿ.

ಕಣಗಿಲೆ ಮತ್ತು ಹಳದಿ ಕಣಗಿಲೆ: ಎಲೆ, ಹೂ, ಕಡ್ಡಿ, ಬೀಜ, ಎಲ್ಲವೂ ವಿಷ. ಇದು ಹೃದಯದ ಬಡಿತದ ಲಯವನ್ನೇ ಕೆಡಿಸುತ್ತದೆ. ಒಣಗಿದ ಎಲೆಯಲ್ಲೂ ವಿಷ ಹಾಗೇ ಇರುತ್ತದೆ. ಈ ಹೂ ತೇಲಿಬಿಟ್ಟ ಉರುಳಿಯ ನೀರನ್ನು ನಾಯಿ ಕುಡಿಯಬಾರದು. ಕತ್ತರಿಸಿದ ಕಡ್ಡಿ ಸುಡಬಾರದು, ಹೊಗೆಯೂ ಕೆಟ್ಟದ್ದು. ಹಳದಿ ಕಣಗಿಲೆಯ ಕಾಯಿ ಉರುಳುತ್ತದೆ, ಮರಿನಾಯಿಗೆ ಅದು ಚೆಂಡಿನ ಹಾಗೆ ಕಾಣುತ್ತದೆ. ಇದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ ವಿಷಯ.

ಸೈಕಸ್: ಇಡೀ ಗಿಡ ವಿಷ, ಬೀಜ ಅತಿ ಹೆಚ್ಚು. ಒಂದೆರಡು ಬೀಜಕ್ಕೇ ನಾಯಿ ಸಾಯಬಹುದು. ಮೊದಲು ವಾಂತಿ. ಆಮೇಲೆ ಸುಧಾರಿಸಿದ ಹಾಗೆ ಕಾಣುತ್ತದೆ. ಎರಡು ಮೂರು ದಿನದಲ್ಲಿ ಲಿವರ್ ಕೈಕೊಡುತ್ತದೆ, ವಸಡು ಹಳದಿಯಾಗುತ್ತದೆ. "ವಾಂತಿ ನಿಂತಿತಲ್ಲ" ಅಂತ ಸುಮ್ನೆ ಕೂತರೆ ನಾಯಿ ಕೈ ತಪ್ಪುತ್ತದೆ.

ಅಡೇನಿಯಂ: ಬಾಟಲಿಯಂತೆ ಬುಡ ಊದಿ, ಗುಲಾಬಿ ಹೂ ಬಿಡುವ ಗಿಡ. ನಮ್ಮ ಬಿಸಿಲಿಗೆ ಚೆನ್ನಾಗಿ ಹೊಂದುವುದರಿಂದ ಮಾಳಿಗೆಗಳಲ್ಲಿ ಬಹಳ ಇದೆ. ಇದರದ್ದೂ ಕಣಗಿಲೆಯಂಥದೇ ಹೃದಯದ ವಿಷ. ಹೂಗೊಂಚಲಿನ ಕಲಾಂಚೋ ಕೂಡ ಹೃದಯಕ್ಕೇ ಹೋಗುತ್ತದೆ.

ನಿತ್ಯಪುಷ್ಪ: ನೀರಿಲ್ಲದೆಯೂ ಬದುಕುವ ಗಿಡ, ಹಾಗಾಗಿ ಪ್ರತಿ ಮನೆಯಲ್ಲಿದೆ. ಜಾಸ್ತಿ ತಿಂದರೆ ವಾಂತಿ, ರಕ್ತದೊತ್ತಡ ಇಳಿಯುವುದು, ನಡುಕ, ಫಿಟ್ಸ್ ಬರಬಹುದು. ಇದೇ ಗಿಡದಿಂದ ಸಿಗುವ ವಿಂಕ್ರಿಸ್ಟಿನ್ ಅನ್ನುವ ಔಷಧಿಯನ್ನು ನಾಯಿಗಳ ಜನನಾಂಗದ ಗಡ್ಡೆ ಕಾಯಿಲೆಗೆ ಡಾಕ್ಟರುಗಳು ಅಳತೆ ಮಾಡಿ ಕೊಡುತ್ತಾರೆ. ಅದೆಷ್ಟು ಪ್ರಬಲ ಅನ್ನುವುದು ಇದರಿಂದಲೇ ತಿಳಿಯುತ್ತದೆ.

ದತ್ತೂರಿ, ಎಕ್ಕ, ಔಡಲ, ಗುಲಗಂಜಿ: ಇವು ಕುಂಡದ ಗಿಡಗಳಲ್ಲ, ಆದರೂ ಮನೆಗೆ ಬರುತ್ತವೆ. ದತ್ತೂರಿ ಶಿವನಿಗೆ, ಎಕ್ಕದ ಎಲೆಯ ಹಾರ ಶನಿವಾರ ಹನುಮಪ್ಪನಿಗೆ. ಪೂಜೆ ಮುಗಿದ ಮೇಲೆ ಒಣಗಿದ ಹೂ-ಪತ್ರೆಯನ್ನು ನಾವು ಗಿಡದ ಬುಡಕ್ಕೆ ಹಾಕುತ್ತೇವೆ. ಪ್ರಸಾದದ ವಾಸನೆ ಹತ್ತಿದ ಆ ರಾಶಿಗೆ ನಾಯಿ ಮೂತಿ ಹಾಕದೇ ಇರುತ್ತದಾ? ದತ್ತೂರಿ ತಿಂದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ನಾಯಿ ಹುಚ್ಚು ಹಿಡಿದಂತೆ ಅಲೆಯುತ್ತದೆ. ಔಡಲ ಬೀಜದಲ್ಲಿ ರಿಸಿನ್ ಅನ್ನುವ ಕಡು ವಿಷ ಇದೆ. ಗುಲಗಂಜಿಯಲ್ಲೂ ಅದರ ಸೋದರನಂಥ ವಿಷ.

ಹಂತ 4: ಮೂರನೇ ಗುಂಪನ್ನು ಇವತ್ತೇ ತೆಗೆಯಿರಿ

ಎತ್ತರಕ್ಕೆ ಇಡುವುದು, ಬೇಲಿ ಹಾಕುವುದು ಇವೆಲ್ಲ ಮೊದಲೆರಡು ಗುಂಪಿಗೆ. ಸೈಕಸ್ ಇದ್ದರೆ ನಾಯಿ ಇಲ್ಲದ ಮನೆಗೆ ಕೊಟ್ಟುಬಿಡಿ. ಅಡೇನಿಯಂ ಬಿಡಲು ಮನಸ್ಸಾಗದಿದ್ದರೆ ನಾಯಿ ಯಾವತ್ತೂ ಹತ್ತದ, ಬಾಗಿಲು ಹಾಕಿರುವ ಮಾಳಿಗೆಯಲ್ಲಿ ಮಾತ್ರ.

ಕಣಗಿಲೆ ತೆಗೆಯುವ ಮಾತು ಬಂದಾಗ ಅವ್ವ ಒಪ್ಪಲಿಲ್ಲ. "ಮಾದೇವಗ ಏರಿಸೋ ಹೂವದು, ಹ್ಯಾಂಗ ಕಡೀತಿ?" ಅಂದಳು. ಅವಳ ಮಾತಿಗೂ ಬೆಲೆ ಇದೆ. ಕೊನೆಗೆ ಗಿಡವನ್ನು ಕಡಿಯಲಿಲ್ಲ. ಚಳಿಗಾಲದಲ್ಲಿ ಬೇರು ಸಮೇತ ತೆಗೆದು, ಕಾಂಪೌಂಡ್ ಗೋಡೆಯಾಚೆ ನಮ್ಮದೇ ಖಾಲಿ ಜಾಗಕ್ಕೆ ಹಾಕಿ ಸುತ್ತ ಜಾಲರಿ ಬಿಗಿದೆವು. ಗೇಟಿನ ಪಕ್ಕ ಈಗ ಮಲ್ಲಿಗೆ ಇದೆ. ಪೂಜೆಗೆ ತಂದ ಕಣಗಿಲೆ, ಎಕ್ಕ, ದತ್ತೂರಿಗೆ ಮುಚ್ಚಳವಿರುವ ಬೇರೆ ಡಬ್ಬಿ ಇಟ್ಟಿದ್ದೇವೆ. ನಿರ್ಮಾಲ್ಯವೂ ಆ ಡಬ್ಬಿಗೇ ಹೋಗುತ್ತದೆ.

ಕಡಿಯುವಾಗ, ಸಾಗಿಸುವಾಗ ಕೈಗವಸು ಹಾಕಿ. ನಾಯಿಯನ್ನು ಒಳಗೆ ಕೂಡಿ ಹಾಕಿ. ಬಿದ್ದ ಎಲೆಗಳನ್ನು ಒಂದೂ ಬಿಡದೆ ಗುಡಿಸಿ.

ಹಂತ 5: ಉಳಿದ ಕುಂಡಗಳ ಜಾಗ ಬದಲಿಸಿ

ಮನಿ ಪ್ಲಾಂಟ್ ಇಟ್ಟುಕೊಳ್ಳಬಹುದು. ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಬಳ್ಳಿ ನೆಲದಿಂದ ನಾಲ್ಕು ಅಡಿಗಿಂತ ಕೆಳಗೆ ಬಂದ ಕೂಡಲೇ ಕತ್ತರಿಸಿ. ದೊಡ್ಡ ನಾಯಿ ಎರಡು ಕಾಲ ಮೇಲೆ ನಿಂತರೆ ಎಷ್ಟು ಎತ್ತರ ಆಗುತ್ತದೆ ಅಂತ ಒಮ್ಮೆ ಅಳೆದು ನೋಡಿ, ಆಶ್ಚರ್ಯ ಆಗುತ್ತದೆ. ಸ್ಟೂಲಿನ ಮೇಲೆ ಇಡುವುದು ಬೇಡ. ಬಾಲ ತಾಗಿದರೆ ಕುಂಡವೇ ಕೆಳಗೆ.

ಗಿಡಕ್ಕಿಂತ ಮಣ್ಣಿನಲ್ಲಿರುವುದು ಹೆಚ್ಚು ಅಪಾಯ ಆಗಬಹುದು. ಇದನ್ನು ಬಹಳ ಜನ ಯೋಚಿಸುವುದಿಲ್ಲ. ಎಲುಬಿನ ಪುಡಿ ಗೊಬ್ಬರದ ವಾಸನೆ ನಾಯಿಗೆ ಊಟದ ವಾಸನೆ. ತಿಂದರೆ ಹೊಟ್ಟೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳಬಹುದು. ಔಡಲ ಹಿಂಡಿಯಲ್ಲಿ ಎಣ್ಣೆ ತೆಗೆದ ಮೇಲೂ ರಿಸಿನ್ ಉಳಿದಿರಬಹುದು. ನಾಯಿ ಇರುವ ಮನೆಯ ಕುಂಡಕ್ಕೆ ಅದನ್ನು ಹಾಕಲೇಬೇಡಿ. ಚೆನ್ನಾಗಿ ಕಳಿತ ಎರೆಗೊಬ್ಬರ ಸಾಕು.

ಇನ್ನು ಕೀಟನಾಶಕ. ನಮ್ಮದು ತೊಗರಿ, ಹತ್ತಿ ನಾಡು. ಹೊಲಕ್ಕೆ ತಂದು ಉಳಿದ ಔಷಧಿ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದನ್ನೇ ಎರಡು ಚಿಟಿಕೆ ಕುಂಡಕ್ಕೂ ಹಾಕುತ್ತಾರೆ. ದಯವಿಟ್ಟು ಮಾಡಬೇಡಿ. ಹರಳಿನಂಥ ಕೀಟನಾಶಕ ಬೆರೆತ ಮಣ್ಣನ್ನು ನಾಯಿ ನೆಕ್ಕಿದರೂ ಜೊಲ್ಲು, ಕಣ್ಣೀರು, ಮೈನಡುಕ ಬಂದು ಪ್ರಾಣಕ್ಕೇ ಕುತ್ತು. ಹಿಟ್ಟುತಿಗಣೆ ಬಿದ್ದರೆ ಬರೀ ನೀರು ಜೋರಾಗಿ ಚಿಮುಕಿಸಿ ತೊಳೆಯಿರಿ, ಬಿಡದಿದ್ದರೆ ತೆಳು ಸೋಪಿನ ನೀರು.

ಹಂತ 6: ಖಾಲಿಯಾದ ಜಾಗಕ್ಕೆ ಸುರಕ್ಷಿತ ಗಿಡ ತನ್ನಿ

ಮನೆಯೊಳಗೆ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್, ಕ್ಯಾಲೇಥಿಯಾ, ಪೆಪೆರೋಮಿಯಾ, ಹೋಯಾ. ಇವುಗಳಲ್ಲಿ ಫರ್ನ್ ಮತ್ತು ಕ್ಯಾಲೇಥಿಯಾ ನಮ್ಮ ಒಣ ಗಾಳಿಗೆ ಬಾಡುತ್ತವೆ. ಕೂಲರ್ ಇರುವ ಕೋಣೆಯಲ್ಲಿ ಬದುಕುತ್ತವೆ, ಇಲ್ಲದಿದ್ದರೆ ಬೇಡ. ಸ್ಪೈಡರ್ ಪ್ಲಾಂಟ್ ಮಾತ್ರ ಯಾವ ಬೇಸಿಗೆಯನ್ನೂ ತಡೆದುಕೊಂಡಿದೆ, ನಮ್ಮ ಮನೆಯಲ್ಲಿ. ಅಂಗೈಯಷ್ಟು ಕುಂಡಕ್ಕೆ ಹವೋರ್ಥಿಯಾ, ಎಚೆವೇರಿಯಾ ಆಗುತ್ತವೆ. ಲೋಳೆಸರದ ಥರವೇ ಕಾಣುವ ಹವೋರ್ಥಿಯಾ ಅದರ ಜಾಗಕ್ಕೆ ಒಳ್ಳೆಯದು.

ಅಂಗಳಕ್ಕೆ ಮಲ್ಲಿಗೆ, ಗುಲಾಬಿ (ಮುಳ್ಳು ಬಿಟ್ಟರೆ ಭಯವಿಲ್ಲ), ತುಳಸಿ, ಕೊತ್ತಂಬರಿ, ಬಾಳೆ, ಸೂರ್ಯಕಾಂತಿ. ಸುರಕ್ಷಿತ ಅಂದರೆ ಕುಂಡಗಟ್ಟಲೆ ತಿನ್ನಬಹುದು ಅಂತಲ್ಲ. ಯಾವ ಎಲೆಯಾದರೂ ಜಾಸ್ತಿ ತಿಂದರೆ ನಾಯಿ ಒಂದು ಸಲ ವಾಂತಿ ಮಾಡುತ್ತದೆ.

ನಾಯಿಗಳಿಗೆ ಹುಲ್ಲು ತಿನ್ನುವ ಚಟ ಇರುತ್ತದೆ. ಅದಕ್ಕೇ ಒಂದು ಕುಂಡ ಬೇರೆ ಇಡಿ. ಹಿಡಿ ಗೋಧಿ ನೆನೆಸಿ ಮಣ್ಣಿಗೆ ಚೆಲ್ಲಿದರೆ ವಾರ ಹತ್ತು ದಿನದಲ್ಲಿ ಹುಲ್ಲು ಏಳುತ್ತದೆ. ಮನೆಯಲ್ಲಿ ಜೋಳ ಇದೆ ಅಂತ ಜೋಳ ಬಿತ್ತಬೇಡಿ. ಎಳೆ ಜೋಳದ ಪೈರು ಮೇಯ್ದು ದನ ಸತ್ತದ್ದನ್ನು ನಮ್ಮ ಊರುಗಳಲ್ಲಿ ಕೇಳದವರಿಲ್ಲ. ಆ ಎಳೆ ಎಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ.

ಹಂತ 7: ಕಡಿಯುವ ಚಟ ಕಡಿಮೆ ಮಾಡಿ

ಮೂರರಿಂದ ಏಳು ತಿಂಗಳವರೆಗೆ ಹಲ್ಲು ಬದಲಾಗುವಾಗ ಮರಿ ಏನನ್ನಾದರೂ ಕಡಿಯುತ್ತದೆ. ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ. ವಸಡಿಗೂ ಹಾಯ್, ಬೇಸಿಗೆಗೂ ಹಾಯ್. ಬಟ್ಟೆ ನುಂಗದಂತೆ ಎದುರಿಗೇ ಕುಳಿತು ಕೊಡಬೇಕು. ಬೇಸಿಗೆಯಲ್ಲಿ ವಾಕಿಂಗ್ ಬೆಳಿಗ್ಗೆ ಏಳರೊಳಗೆ ಮುಗಿಸಿ. ದಣಿದ ನಾಯಿ ಕುಂಡದ ಕಡೆ ಹೋಗುವುದಿಲ್ಲ.

"ಬಿಡು" ಅನ್ನುವ ಒಂದು ಮಾತು ಕಲಿಸಿ. ಮುಷ್ಟಿಯಲ್ಲಿ ಚಪಾತಿ ತುಂಡು ಹಿಡಿದು ಮೂತಿಯ ಮುಂದೆ ಇಡಿ. ನೆಕ್ಕುತ್ತದೆ, ಪರಚುತ್ತದೆ, ಕೊಡಬೇಡಿ. ಮೂತಿ ಹಿಂದೆ ತೆಗೆದ ಕ್ಷಣ "ಬಿಡು" ಅಂದು ಇನ್ನೊಂದು ಕೈಯಿಂದ ಬೇರೆ ತುಂಡು ಕೊಡಿ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಒಬ್ಬರು "ಬಿಡು", ಇನ್ನೊಬ್ಬರು "ಛೋಡ್", ಮಕ್ಕಳು "ನೋ" ಅಂದರೆ ನಾಯಿಗೆ ಏನೂ ತಿಳಿಯುವುದಿಲ್ಲ.

ಹಂತ 8: ತಿಂದೇಬಿಟ್ಟರೆ

ಮೊದಲು ಬಾಯಲ್ಲಿ ಉಳಿದ ಎಲೆ ತೆಗೆಯಿರಿ. ನಾಯಿ ನೋವಿನಲ್ಲಿ ಕಚ್ಚಬಹುದು, ಹುಷಾರು. ಗಿಡದ ಫೋಟೋ, ಕಡಿದ ತುಂಡು, ವಾಂತಿಯಾಗಿದ್ದರೆ ಅದರ ಫೋಟೋ ತೆಗೆದಿಡಿ. ಗಂಟೆ ನೋಡಿಕೊಳ್ಳಿ.

ಬಾಯಿ ಸುಡುವ ಗುಂಪಿನ ಗಿಡ ಅಂತ ಖಚಿತವಾಗಿದ್ದರೆ ಒದ್ದೆ ಬಟ್ಟೆಯಿಂದ ನಾಲಿಗೆ, ವಸಡು ಒರೆಸಿ. ತಣ್ಣೀರು ಇಡಿ. ನುಂಗಲು ಆಗುತ್ತಿದ್ದರೆ ಒಂದೆರಡು ಚಮಚ ಹಾಲು ಅಥವಾ ಮೊಸರು ನೆಕ್ಕಿಸಬಹುದು, ಉರಿ ಇಳಿಯುತ್ತದೆ. ಬಲವಂತವಾಗಿ ಗಂಟಲಿಗೆ ಸುರಿಯಬಾರದು. ಡಾಕ್ಟರಿಗೆ ಫೋನ್ ಮಾಡಿ ಹೇಳಿ.

ಮೂರನೇ ಗುಂಪಿನ ಗಿಡ ಅಥವಾ ಯಾವುದೆಂದು ಗೊತ್ತಿಲ್ಲದ ಗಿಡ ಆದರೆ, ಲಕ್ಷಣ ಕಾಣಲಿ ಅಂತ ಕಾಯಬೇಡಿ. ನಾಯಿ ಆಡುತ್ತಿದ್ದರೂ ಹೊರಡಿ. ಹೊಟ್ಟೆಯಿಂದ ವಿಷ ತೆಗೆಯಲು ಮೊದಲ ಒಂದೆರಡು ಗಂಟೆಯೇ ಮುಖ್ಯ.

ಉಪ್ಪುನೀರು ಬೇಡ. ನಾವು ಮಾಡಿದ ತಪ್ಪು ಅದೇ. ಉಪ್ಪು ರಕ್ತದಲ್ಲಿ ಏರಿ ಮಿದುಳಿಗೆ ತೊಂದರೆಯಾಗಿ ಫಿಟ್ಸ್ ಬರಬಹುದು. ಹುಣಸೆ ನೀರು, ಎಣ್ಣೆ, ಗಂಟಲಿಗೆ ಬೆರಳು ಹಾಕುವುದು, ಯಾವುದೂ ಬೇಡ. ವಾಂತಿ ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಕಾಯಿಲೆ. ಬಾಯಿ ಸುಡುವ ಎಲೆ ಮೇಲೆ ಬಂದರೆ ಎರಡನೇ ಸಲ ಗಂಟಲು ಸುಡುತ್ತದೆ. ವಾಂತಿ ಮಾಡಿಸಬೇಕಾ ಬೇಡವಾ ಅನ್ನುವುದನ್ನು ಡಾಕ್ಟರು ಹೇಳಲಿ. ಮನುಷ್ಯರ ನೋವಿನ ಮಾತ್ರೆಯನ್ನೂ ಕೊಡಬೇಡಿ.

ದಾರಿಯಲ್ಲಿ ವಸಡು ನೋಡುತ್ತಿರಿ. ಆರೋಗ್ಯವಾಗಿದ್ದಾಗ ಗುಲಾಬಿ ಬಣ್ಣ ಇರುತ್ತದೆ. ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಬಿಳಿಚಿಕೊಂಡರೆ, ನೀಲಿಯಾದರೆ, ಉಸಿರು ಎಳೆದಾಡಿದರೆ, ನಿಲ್ಲಲಾಗದಿದ್ದರೆ, ಫಿಟ್ಸ್ ಬಂದರೆ ಒಂದು ನಿಮಿಷವೂ ತಡ ಮಾಡಬಾರದು. ನಾಯಿ ಚೆನ್ನಾಗಿದ್ದಾಗಲೇ ಇದನ್ನು ಒಂದೆರಡು ಸಲ ಮಾಡಿ ನೋಡಿ. ಆಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಕೆಲವು ನಾಯಿಗಳಿಗೆ ಹುಟ್ಟಾ ಕಪ್ಪು ವಸಡು. ಅಂಥವಕ್ಕೆ ಕಣ್ಣಿನ ಕೆಳರೆಪ್ಪೆ ಒಳಗೆ ನೋಡಿ.

ಏಪ್ರಿಲ್-ಮೇ ತಿಂಗಳಲ್ಲಿ ಇನ್ನೊಂದು ಮಾತು ನೆನಪಿರಲಿ. ಜೊಲ್ಲು, ಏದುಸಿರು, ವಾಂತಿ ಬಿಸಿಲು ಬಡಿದರೂ ಬರುತ್ತದೆ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿಯ ಆಸುಪಾಸು. 40 ದಾಟಿ ಏರುತ್ತಿದ್ದರೆ ಮೈಗೆ ತಣ್ಣೀರು ಹಾಕಿ, ಫ್ಯಾನ್ ಹಾಕಿ, ಕರೆದೊಯ್ಯುವಾಗಲೂ ನೀರು ಹಾಕುತ್ತಿರಿ. ಸುತ್ತ ಹರಿದ ಎಲೆ ಇದೆಯಾ ನೋಡಿ, ಎರಡೂ ವಿಷಯವನ್ನು ಡಾಕ್ಟರಿಗೆ ಹೇಳಿ.

ಹಂತ 9: ಮೊದಲೇ ಬರೆದಿಡಬೇಕಾದ ಚೀಟಿ

ಆ ದಿನ ನಾವು ಮೊದಲು ಹೋದ ಕ್ಲಿನಿಕ್ ಮಧ್ಯಾಹ್ನ ಮುಚ್ಚಿತ್ತು. ಇಪ್ಪತ್ತು ನಿಮಿಷ ಹಾಳಾಯಿತು. ಈಗ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ. ಅದರಲ್ಲಿ ಮೂವರು ಡಾಕ್ಟರ ನಂಬರು, ಯಾರು ಮಧ್ಯಾಹ್ನ ಇರುತ್ತಾರೆ, ಯಾರು ರಾತ್ರಿ ಫೋನ್ ಎತ್ತುತ್ತಾರೆ, ಸರ್ಕಾರಿ ಪಶು ಆಸ್ಪತ್ರೆಯ ಹೊತ್ತು, ಪಶು ಸಂಜೀವಿನಿಯ 1962 ಸಂಖ್ಯೆ ಇದೆ. 1962ರ ವಾಹನ ಮುಖ್ಯವಾಗಿ ರೈತರ ದನಕರುಗಳಿಗೆ. ಆದರೂ ಹಳ್ಳಿಯಲ್ಲಿ ಇರುವವರು ಕೇಳಿ ನೋಡಬಹುದು.

ಬೀದರ್‌ನವರಿಗೆ ಒಂದು ಅನುಕೂಲ ಇದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಅಲ್ಲೇ ನಂದಿನಗರದಲ್ಲಿದೆ, ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಕಲಬುರಗಿಯಿಂದ ಅದು ನೂರು ಕಿಲೋಮೀಟರ್ ಮೀರಿದ ದಾರಿ, ಯಾದಗಿರಿಯಿಂದ ಇನ್ನೂ ದೂರ. ಹಾಗಾಗಿ ಮೊದಲ ಚಿಕಿತ್ಸೆ ಹತ್ತಿರದಲ್ಲೇ ಆಗಬೇಕು. ಆಮೇಲೆ ಅಲ್ಲಿನ ಡಾಕ್ಟರು ಹೇಳಿದರೆ ಬೀದರ್.

ಚೀಟಿಯಲ್ಲಿ ನಾಯಿಯ ತೂಕವೂ ಇರಲಿ. ವಿಷದ ಲೆಕ್ಕ, ಔಷಧಿಯ ಲೆಕ್ಕ ಎರಡೂ ತೂಕದ ಮೇಲೆ. ಲ್ಯಾಬ್ರಡಾರ್ ತಡೆದುಕೊಂಡ ಎಲೆ ಪಾಮೇರಿಯನ್‌ಗೆ ಹೆಚ್ಚಾಗಬಹುದು. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ತಿಂಗಳಿಗೊಮ್ಮೆ ತಿದ್ದಿ.

ಹಂತ 10: ಮಳೆ ಬಿದ್ದ ಮೇಲೆ ಮತ್ತೊಮ್ಮೆ

ಜೂನ್‌ನಲ್ಲಿ ಎರಡು ಮಳೆ ಬಿದ್ದರೆ ಸಾಕು, ಖಾಲಿ ಸೈಟು, ಕಾಂಪೌಂಡಿನ ಅಂಚು, ಮೋರಿ ಪಕ್ಕ ತಾನಾಗಿ ಗಿಡ ಏಳುತ್ತವೆ. ಅದರಲ್ಲಿ ಔಡಲ, ಎಕ್ಕ, ದತ್ತೂರಿ ಇದ್ದೇ ಇರುತ್ತವೆ. ಔಡಲದ ಎಲೆ ಬೆರಳು ಬಿಚ್ಚಿದ ಅಂಗೈ ಹಾಗೆ, ಎಳೆಯದರಲ್ಲಿ ಕೆಂಪು ಛಾಯೆ. ಎಕ್ಕದ ಎಲೆ ದಪ್ಪ, ಬೂದು ಹಿಟ್ಟು ಸವರಿದಂತೆ, ಮುರಿದರೆ ಹಾಲು. ದತ್ತೂರಿಯ ಹೂ ಉದ್ದ ಕಹಳೆ, ಕಾಯಿ ಮುಳ್ಳು ಮುಳ್ಳು. ಮಣ್ಣು ಹಸಿ ಇರುವಾಗ ಗೇಣುದ್ದದ ಸಸಿ ಬೇರು ಸಮೇತ ಸಲೀಸಾಗಿ ಕೈಗೆ ಬರುತ್ತದೆ. ಆಗಸ್ಟ್ ಆದರೆ ಕಾಯಿ ಕಟ್ಟಿರುತ್ತದೆ, ಆಗ ಬೀಜ ನೆಲಕ್ಕೆ ಬೀಳುತ್ತದೆ. ನಾವು ಜೂನ್ ಕೊನೆಯ ಭಾನುವಾರ ಇದಕ್ಕೇ ಇಟ್ಟಿದ್ದೇವೆ. ಕೈಗವಸು, ಒಂದು ಗೋಣಿಚೀಲ. ಅವ್ವ ಕುಡಗೋಲು ಹಿಡಿದು ಬರುತ್ತಾಳೆ. ಕೆಲಸ ಮುಗಿದು, ಕೈ ತೊಳೆದು, ಚೀಲದ ಬಾಯಿ ಬಿಗಿಯಾಗಿ ಕಟ್ಟಿದ ಮೇಲೆಯೇ ಮೋತಿಯನ್ನು ಅಂಗಳಕ್ಕೆ ಬಿಡುತ್ತೇವೆ.